ತಾಮ್ರಯ್ಯನ ಹುಣಸೆಹಣ್ಣು

ಓದುಗರನ್ನು ನಂಬಬೇಡಿ. ನಾನೂ ಒಬ್ಬ ಓದುಗನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಎರವಲು ತಂದ ಪುಸ್ತಕವನ್ನು ಹಿಂದಿರುಗಿಸದಿರುವುದು ನಮ್ಮ ಸಣ್ಣ ಗುಣ. ಅದನ್ನು ಲೋಕ ಎಂದೋ ಕ್ಷಮಿಸಿದೆ. ದೊಡ್ಡ ಗುಣ ಬೇರೆ. ಪುಸ್ತಕ ಮುಚ್ಚಿಟ್ಟ ಮರುದಿನದಿಂದಲೇ ಅದನ್ನು ತಲೆಯೊಳಗೆ ರಿಪೇರಿ ಮಾಡತೊಡಗುತ್ತೇವೆ. ಸತ್ತವರನ್ನು ಬದುಕಿಸುತ್ತೇವೆ, ನಮಗಾಗದವರಿಗೆ ಇನ್ನೆರಡು ಏಟು ಹೆಚ್ಚಿಗೆ ಕೊಡಿಸುತ್ತೇವೆ, ಕೆಲವು ವರ್ಷ ಕಳೆದ ಮೇಲೆ ಲೇಖಕರು ಬರೆದದ್ದೇ ಹೀಗೆ ಎಂದು ಎದೆ ತಟ್ಟಿ ವಾದಿಸುತ್ತೇವೆ. ಲೇಖಕರು ಬದುಕಿದ್ದರೆ ಪಾಪ, ತಿದ್ದಿಯಾರು. ಹೋಗಿಬಿಟ್ಟರೆ ನಮ್ಮನ್ನು ಹಿಡಿಯುವವರೇ ಇಲ್ಲ.

ನಾನು ಬನಾರಸ್ಸಿನಲ್ಲಿ ಮಣ್ಣುವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಶಿವಾಲದ ಗಲ್ಲಿಯೊಂದರಲ್ಲಿ ಬಾಡಿಗೆ ಮನೆ, ಹೆಂಡತಿ ಶಾರದೆ, ಎಂಟನೆಯ ಕ್ಲಾಸಿನ ಮಗಳು ಇಳಾ. ಹಗಲೆಲ್ಲ ಮಣ್ಣು ಜರಡಿ ಹಿಡಿದವನಿಗೆ ಸಂಜೆಗೆ ಸ್ವಲ್ಪ ಆಕಾಶ ಬೇಕೆನಿಸುತ್ತದೆ. ನನಗೆ ಆ ಆಕಾಶ ಕೊಟ್ಟವರು ‘ಮೃಗಶಿರ’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಲೇಖಕರು. ಅವರ ‘ಉಪ್ಪಿನ ಚಂದ್ರ’ ಮೂರು ಭಾಗಗಳ ಕಾದಂಬರಿ. ದೂರದ ಯಾವುದೋ ಗ್ರಹಕ್ಕೆ ಒಬ್ಬ ಚಂದ್ರ, ಅವನ ನೆಲವೆಲ್ಲ ಉಪ್ಪು. ಅಲ್ಲಿಗೆ ಹೋಗುವ ನೌಕೆಗೆ ಒಬ್ಬಳು ಮುದುಕಿ ಯಜಮಾನಿ. ಅವಳ ಅಡುಗೆಮನೆಯಲ್ಲಿ ತಾಮ್ರಯ್ಯ ಎಂಬ ತಾಮ್ರದ ರೋಬೋಟು. ಕೊನೆಯಲ್ಲಿ ನೌಕೆಗೆ ಭಾರ ಹೆಚ್ಚಾಗಿ ಮೇಲೇಳುವುದಿಲ್ಲ. ಎಲ್ಲರಿಗಿಂತ ಭಾರವಾದ ತಾಮ್ರಯ್ಯ ಒಂದು ಮಾತೂ ಆಡದೆ ಸೌಟು ಕೆಳಗಿಟ್ಟು ಇಳಿದುಬಿಡುತ್ತಾನೆ. ನೌಕೆ ಹೊರಟುಹೋಗುತ್ತದೆ, ಅವನು ಉಪ್ಪಿನ ಮೇಲೆ ನಿಂತು ಮೆಲ್ಲಗೆ ಕಿಲುಬು ಹಿಡಿಯುತ್ತಾನೆ. ಅಲ್ಲಿಗೆ ಮುಗಿಯಿತು. ಓದಿದಾಗ ನಾನು ಕಾಲೇಜು ಹುಡುಗ. ಅತ್ತಿದ್ದೆ, ಕೇಳಿದವರಿಗೆ ನೆಗಡಿ ಅಂದಿದ್ದೆ.

ಇಳಾ ಚಿಕ್ಕವಳಿದ್ದಾಗ ಅವಳನ್ನು ಮಲಗಿಸುವ ಕೆಲಸ ನನ್ನದು. ರಜಾಯಿಯೊಳಗೆ ಸೇರಿಸಿಕೊಂಡು ‘ಉಪ್ಪಿನ ಚಂದ್ರ’ವನ್ನು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳುತ್ತಿದ್ದೆ. ತಾಮ್ರಯ್ಯ ಒಬ್ಬನೇ ಉಳಿದ ಎನ್ನುವಲ್ಲಿಗೆ ಬಂದಾಗ ಹುಡುಗಿ ಎದ್ದು ಕೂತು ಮನೆ ಹಾರಿಹೋಗುವಂತೆ ಅಳತೊಡಗಿತು. ನನಗೋ ಬೆಳಿಗ್ಗೆ ಮೊದಲ ಗಂಟೆಗೇ ಕ್ಲಾಸು. ತಾಳು ತಾಳು, ಕತೆ ಇನ್ನೂ ಇದೆ ಎಂದು ನೌಕೆಯನ್ನು ತಿರುಗಿಸಿದೆ. ಮುದುಕಿ ಹಗ್ಗಕ್ಕೆ ಕಟ್ಟಿ ಒಂದು ದೊಡ್ಡ ಉಂಡೆ ಹುಣಸೆಹಣ್ಣು ಇಳಿಬಿಟ್ಟಳು. “ಉಪ್ಪು ಅಲ್ಲೇ ಇದೆಯಲ್ಲಪ್ಪಾ, ಎರಡೂ ಸೇರಿಸಿ ಮೈ ಉಜ್ಜಿಕೋ” ಅಂದಳು. ತಾಮ್ರಯ್ಯ ಉಜ್ಜಿಕೊಂಡ, ಫಳಫಳ ಹೊಳೆದ. ಸಂಜೆ ಘಾಟಿನಲ್ಲಿ ಕೂತರೆ ಆಚೆ ದಡದ ಮರಳಿನ ಮೇಲಿನ ಆಕಾಶದಲ್ಲಿ ಮೊದಲು ಕಾಣುತ್ತದಲ್ಲ ಒಂದು ಚುಕ್ಕಿ, ಅದೇ ಅವನು. ಇಳಾ ಮೂಗೊರೆಸಿಕೊಂಡು ಮಲಗಿದಳು. ಆಮೇಲೆ ಎಷ್ಟೋ ಸಲ ಅದೇ ಭಾಗ ಹೇಳಿಸಿಕೊಂಡಳು. ಹೇಳಿ ಹೇಳಿ ಅದು ಯಾರದು ಎನ್ನುವುದನ್ನೇ ನಾನು ಯೋಚಿಸುವುದು ಬಿಟ್ಟೆ.

ಕಳೆದ ಚಳಿಗಾಲದಲ್ಲಿ ನರಹರಿ ಭಟ್ಟರ ಫೋನು ಬಂತು. ಭಟ್ಟರು ದಶಾಶ್ವಮೇಧ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧಕರ್ಮ ಮಾಡಿಸುವವರು. ಅವರ ಅಜ್ಜನ ಕಾಲದಿಂದ ಇಲ್ಲೇ ಮನೆ. ಯಾತ್ರಿಕರು ಮುಳುಗು ಹಾಕಲು ಹೋದಾಗ ಛತ್ರಿಯ ಕೆಳಗೆ ಪಂಚಾಂಗದೊಳಗೆ ಕಾದಂಬರಿ ಇಟ್ಟುಕೊಂಡು ಓದುತ್ತಾರೆ.

“ಮೇಷ್ಟ್ರೇ, ಮೃಗಶಿರರು ಹೋಗಿಬಿಟ್ರಂತೆ” ಎಂದರು. “ಊರಲ್ಲಿ ಸಭೆ ಗಿಭೆ ಮಾಡ್ತಾರೆ. ನಾನು ಇಲ್ಲಿ ಒಂದು ತರ್ಪಣ ಬಿಡ್ತೀನಿ.”

“ಅವರಿಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲವಲ್ಲ ಭಟ್ಟರೇ?”

“ಅರೆ, ಅವರ ಉಪ್ಪಿನ ಚಂದ್ರನ್ನ ನಾನು ನಂಬಲಿಲ್ವಾ? ನನ್ನ ಎಳ್ಳುನೀರನ್ನ ಅವರು ಒಂದು ದಿನ ನಂಬಲಿ. ನಾವು ದಿನಾ ಸಂಕಲ್ಪದಲ್ಲಿ ಹೇಳೋದಾದ್ರೂ ಏನು? ಯಾವ ಕಲ್ಪ, ಯಾವ ದ್ವೀಪ, ಯಾವ ನದೀತೀರ! ಇಷ್ಟುದ್ದದ ವಿಳಾಸ ಹೇಳೋದ್ರಲ್ಲಿ ಅವರು ನಮ್ಮವರೇ ಬಿಡಿ.”

ತರ್ಪಣ ಮುಗಿಸಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸೇರುವುದೆಂದಾಯಿತು. ಹೋದವರಿಗೆ ಇಷ್ಟವಾದದ್ದನ್ನು ಮಾಡಬೇಕಲ್ಲ ಎಂದಳು ಶಾರದೆ. ಮೃಗಶಿರರಿಗೆ ಏನು ಇಷ್ಟ ಎಂದು ಯಾರಿಗೆ ಗೊತ್ತು? ಅವರ ಪುಸ್ತಕದಲ್ಲಿ ತಾಮ್ರಯ್ಯ ಮೋಡ ಕಡೆದು ಹುಗ್ಗಿ ಮಾಡುತ್ತಾನೆ, ಅದು ಬಾಯಿಗಿಟ್ಟರೆ ಇರುತ್ತದೆ, ನುಂಗುವಷ್ಟರಲ್ಲಿ ಇರುವುದಿಲ್ಲ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. “ರೀ, ಅದು ಮಲೈಯೋ ಅಲ್ವೇನ್ರೀ? ಇಷ್ಟು ವರ್ಷದಿಂದ ಚಳಿಗಾಲ ಬಂದ್ರೆ ಕುಡಿಕೆಗಟ್ಟಲೆ ತಿಂತಿದೀರಿ. ಸೋನಾರ್‌ಪುರದಿಂದ ತನ್ನಿ, ಬಿಸಿಲೇರೋದ್ರೊಳಗೆ.” ಮಂಜಿನಲ್ಲಿಟ್ಟ ಹಾಲನ್ನು ಕಡೆದು ತೆಗೆದ ಕೇಸರಿ ನೊರೆಯನ್ನು ಮಣ್ಣಿನ ಕುಡಿಕೆಗಳಲ್ಲಿ ತುಂಬಿಸಿಕೊಂಡು, ಇ-ರಿಕ್ಷಾದಲ್ಲಿ ಹಳ್ಳ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ತಂದೆ. ಮೋಡದ ಹುಗ್ಗಿ ಇಷ್ಟು ಹತ್ತಿರ ಸಿಗುತ್ತದೆಂದು ಮೃಗಶಿರರಿಗೆ ಒಂದು ಕಾಗದ ಬರೆಯಬಹುದಿತ್ತಲ್ಲ ಎಂದು ದಾರಿಯುದ್ದಕ್ಕೂ ಸಂಕಟವಾಯಿತು.

ಬಂದವರು ಭಟ್ಟರು ಮತ್ತು ಧಾರವಾಡದ ಡಾಕ್ಟರ್ ಶೈಲಜಾ. ಆಕೆ ಇಲ್ಲಿ ಮೂಳೆ ಡಾಕ್ಟರು. “ಮೊದಲನೇ ಭಾಗ ಓದಿದ್ದು ಪರೀಕ್ಷಾ ಟೈಮಿನ್ಯಾಗ್ರೀ. ಕೈಮೂಳಿ ಹೆಸರು ಕೇಳಿದ್ರ ತಾಮ್ರಯ್ಯನ ಸ್ಕ್ರೂ ಹೆಸರು ಹೇಳಿಬಂದಿದ್ದೆ” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಟ್ಟರು ಮುದುಕಿಯ ಬೈಗುಳಗಳನ್ನೆಲ್ಲ ಮಂತ್ರದ ಹಾಗೆ ಒಪ್ಪಿಸಿದರು. ಮಲೈಯೋ ನೆಕ್ಕುತ್ತಿದ್ದ ಇಳಾ ಇದ್ದಕ್ಕಿದ್ದಂತೆ, “ನನ್ನ ಫೇವರಿಟ್ ಇಮಲಿ ವಾಲಾ ಸೀನ್” ಎಂದಳು. ಇಮಲಿ ಎಂದರೆ ಹುಣಸೆಹಣ್ಣು, ಅಂದರೆ ನನ್ನದು. ಅವಳು ನೌಕೆ ತಿರುಗಿದ್ದರಿಂದ ಹಿಡಿದು ಚುಕ್ಕಿ ಹೊಳೆದದ್ದರವರೆಗೆ ತನ್ನ ಕಿಚಡಿ ಭಾಷೆಯಲ್ಲಿ ಪೂರ್ತಿ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಖರೇನ ಅದ. ನನಗ ಛಲೋ ನೆನಪದ. ಆ ಮುದುಕಿ ಹಗ್ಗ ಬಿಡೂ ಮುಂದ ಕೈ ನಡುಗತಾವ.” ಕೈ ನಡುಗಿದ್ದು ನನಗೇ ಹೊಸದು. ಭಟ್ಟರಂತೂ, “ಮೂರನೇ ಭಾಗ, ಕೊನೇಲಿ, ಎಡಗಡೆ ಪುಟ. ಅವರು ಬರೆದದ್ದರಲ್ಲೆಲ್ಲ ಅದೇ ಶಿಖರ” ಎಂದು ಷರಾ ಬರೆದುಬಿಟ್ಟರು.

ನಾನು ಹಿಂದೆ ಪತ್ರಿಕೆಗಳಿಗೆ ಕಳಿಸಿದ ಕತೆಗಳೆಲ್ಲ ವಿಷಾದದೊಂದಿಗೆ ವಾಪಸಾದವು. ಅಂಥವನ ಸೃಷ್ಟಿಯನ್ನು ನನ್ನ ಎದುರಿಗೇ ಶಿಖರ ಎನ್ನುತ್ತಿದ್ದಾರೆ! ತಡೆಯಲಾಗಲಿಲ್ಲ. “ಅದು... ನಾನು ಸೇರಿಸಿದ್ದು” ಅಂದೆ.

ಭಟ್ಟರು ಕುಡಿಕೆ ಕೆಳಗಿಟ್ಟರು. “ಮೇಷ್ಟ್ರೇ, ತಮಾಷೆಗೂ ಒಂದು ಸಮಯ ಇದೆ.” ಡಾಕ್ಟರು ಇನ್ನೂ ಮೃದುವಾಗಿ, “ಇವತ್ತೊಂದಿನ ಅವರದು ಅವರಿಗೇ ಇರ್ಲಿ ಬಿಡ್ರಿ ಸರ” ಅಂದರು. ನಿಮ್ಮ ಪುಸ್ತಕ ತೆಗೆದು ನೋಡಿಬಿಡಿ ಎನ್ನಬಹುದಿತ್ತು. ಆದರೆ ಭಟ್ಟರ ಮೂರನೆಯ ಭಾಗವನ್ನು ಹಾಸನದ ಯಾತ್ರಿಕರೊಬ್ಬರು ಓದಲು ಒಯ್ದಿದ್ದರು. ನನ್ನದು ಅಟ್ಟದ ಮೇಲಿತ್ತು. ತರೋಣವೆಂದು ಎದ್ದವನನ್ನು ತಡೆದದ್ದು ಇಳಾ. ನನ್ನ ಶರ್ಟು ಜಗ್ಗಿ, “ಅಪ್ಪಾ, ನನಗೆ ಕನ್ನಡ ಪಢನಾ ಸಿಖಾವೋ. ಆ ಸೀನ್ ನಾನೇ ಓದ್ಬೇಕು” ಅಂದಳು.

ನನ್ನ ಮಾತನ್ನು ಅವಳೂ ತಮಾಷೆ ಎಂದೇ ತಿಳಿದಿದ್ದಳು. ನಾನು ಅಲ್ಲೇ ಕೂತುಬಿಟ್ಟೆ. ಈ ಹುಡುಗಿಗೆ ಕನ್ನಡ ಓದಿಸಲು ನಾವು ಮಾಡದ ಉಪಾಯವಿಲ್ಲ. ಬಣ್ಣದ ಚಾರ್ಟು ತಂದೆವು, ಸೈಕಲ್ಲಿನ ಆಸೆ ತೋರಿಸಿದೆವು, ಶಾರದೆ ಮಾತು ಬಿಟ್ಟೂ ನೋಡಿದಳು. ಅಕ್ಷರವೆಲ್ಲ ಜಿಲೇಬಿಯ ಹಾಗೇ ಕಾಣುತ್ತದೆ ಎನ್ನುವುದು ಅವಳ ಒಂದೇ ಉತ್ತರ. ಈಗ ತಾನಾಗಿ ಕೇಳುತ್ತಿದ್ದಾಳೆ, ಅದೂ ಪುಸ್ತಕದಲ್ಲಿ ಇಲ್ಲದ ಪುಟಕ್ಕಾಗಿ! ಇಲ್ಲ ಎಂದರೆ ಜಿಲೇಬಿಗೆ ವಾಪಸು. ಇದೆ ಎಂದರೆ ಒಂದು ದಿನ ಅಲ್ಲಿಗೆ ತಲುಪುತ್ತಾಳೆ, ಅಪ್ಪ ಸುಳ್ಳ ಎಂದು ಗೊತ್ತಾಗುತ್ತದೆ, ಮತ್ತೆ ಕನ್ನಡ ಪುಸ್ತಕ ಮುಟ್ಟಿದರೆ ಕೇಳಿ. ಶಾರದೆ ಅಡುಗೆಮನೆಯಲ್ಲಿ, “ಈಗ್ಲೇ ಹೇಳಿಬಿಡ್ರೀ, ಆಮೇಲೆ ನಿಮಗೇ ಕಷ್ಟ” ಎಂದಳು. ಹೇಳುತ್ತೇನೆ, ಕಾಗುಣಿತ ಮುಗಿಯಲಿ ಅಂದೆ.

ಕಾಗುಣಿತ ಮುಗಿಯಿತು. ಶೀತಲಹರಿ ಎಂದು ಶಾಲೆಗಳಿಗೆ ರಜೆ ಸಿಕ್ಕಿತು, ಮೊದಲ ಭಾಗವೂ ಮುಗಿಯಿತು. ರಜಾಯಿ ಹೊದ್ದು ಅವಳು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವುದನ್ನು ಪಕ್ಕದ ಕೋಣೆಯಿಂದ ಕೇಳುವಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮರುಕ್ಷಣವೇ, ಇಷ್ಟು ಬೇಗ ಬೇಗ ಯಾಕೆ ಓದುತ್ತಾಳಪ್ಪಾ ಎಂದು ಉಳಿದ ಪುಟಗಳ ಲೆಕ್ಕ ಹಾಕುತ್ತಿದ್ದೆ. ಮಗಳು ನಿಧಾನವಾಗಿ ಓದಲಿ ಎಂದು ಹರಕೆ ಹೊತ್ತ ಮೇಷ್ಟ್ರು ನಾನೊಬ್ಬನೇ ಇರಬೇಕು. ಹೋಳಿಯ ಹೊತ್ತಿಗೆ ಎರಡನೆಯ ಭಾಗವೂ ಆಯಿತು. ನಾನು ಮೂರನೆಯದನ್ನು ಅಟ್ಟದಿಂದ ಇಳಿಸಿ ನನ್ನ ಪ್ರಯೋಗಶಾಲೆಗೆ ಒಯ್ದು ಮಣ್ಣಿನ ಚೀಲಗಳ ಹಿಂದೆ ಸೇರಿಸಿದೆ. ಹುಡುಕಿದೆ, ಸಿಗಲಿಲ್ಲ ಎಂದೆ. ಅದೇ ವಾರ ಹಾಸನದಿಂದ ಬಂದ ಇನ್ನೊಂದು ಯಾತ್ರಿಕರ ತಂಡದ ಕೈಯಲ್ಲಿ ಭಟ್ಟರ ಪುಸ್ತಕ ವಾಪಸು ಬಂತು. ಭಟ್ಟರು ಧೋತರ ಎತ್ತಿ ಕಟ್ಟಿಕೊಂಡು ತಾವೇ ತಂದುಕೊಟ್ಟರು.

ಬೇಸಿಗೆಯ ಬಿಸಿಗಾಳಿ ಲೂ ಬೀಸುವ ಒಂದು ಮಧ್ಯಾಹ್ನ ಇಳಾ ಪುಸ್ತಕ ಮುಚ್ಚಿ ನನ್ನ ಎದುರು ಬಂದು ನಿಂತಳು.

“ಅಪ್ಪಾ, ಸೀನ್ ಇಲ್ಲ.”

“ಹೂಂ.”

“ಅದು ನಿಂದಾ?”

“ನಂದೇ ಕಣಮ್ಮ. ನೀನು ಅಳ್ತಿದ್ದೆ, ಅದಕ್ಕೇ...” ಸಿಟ್ಟು ಬರುತ್ತದೆ ಎಂದು ಕಾದೆ. ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು.

“ತಭೀ ತೋ! ಅದಕ್ಕೇ ಅದ್ರಲ್ಲಿ ಲಾಜಿಕ್ ಇರ್ಲಿಲ್ಲ. ಮೃಗಶಿರ ಸರ್ ಹಂಗೆಲ್ಲ ಬರೆಯಲ್ಲ. ಹುಣಸೆಹಣ್ಣು ಖತಂ ಆದ್ಮೇಲೆ ಅವನು ಏನ್ ಮಾಡ್ತಾನೆ?”

ಉತ್ತರವೂ ಅವಳಲ್ಲಿತ್ತು. ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ, ಬೆಟ್ಟದಷ್ಟು ದೊಡ್ಡ ಸೊಟ್ಟ ಕನ್ನಡ ಅಕ್ಷರಗಳಲ್ಲಿ ನನ್ನ ಇಡೀ ಪ್ರಸಂಗವನ್ನು ಬರೆದಿದ್ದಳು. ಯಾರೂ ಹೇಳದೆ ಅವಳು ಬರೆದ ಮೊದಲ ಕನ್ನಡ ಅದು. ಕೊನೆಗೆ ತಾಮ್ರಯ್ಯ ಹುಣಸೆಬೀಜಗಳನ್ನು ಎತ್ತಿಟ್ಟುಕೊಂಡು ಉಪ್ಪಿನಲ್ಲಿ ನೆಡುತ್ತಾನೆ, ಮರವಾಗುತ್ತದೆ. ಓದಿ ಅವಳನ್ನು ಅಪ್ಪಿಕೊಳ್ಳಬೇಕಿತ್ತು. ಆದರೆ ಇಪ್ಪತ್ತು ವರ್ಷದ ಮೇಷ್ಟ್ರಿಕೆ ಸುಮ್ಮನಿರಗೊಡುತ್ತದೆಯೇ? “ಅಷ್ಟು ಉಪ್ಪಿನಲ್ಲಿ ಗಿಡ ಬರಲ್ಲ ಕಣೇ, ಬೇರು ನೀರು ಎಳೆಯಲ್ಲ” ಅಂದೆ.

“ರೋಬೋಟ್ ಅಡುಗೆ ಮಾಡಿದ್ರೆ ನಂಬ್ತೀಯ, ಗಿಡ ನೆಟ್ರೆ ನಂಬಲ್ವಾ?” ಎಂದು ಪುಸ್ತಕ ಕಿತ್ತುಕೊಂಡು, ಅದನ್ನು ಹಿಂದಿರುಗಿಸಲು ಭಟ್ಟರ ಮನೆಗೆ ಹೋದಳು.

ಸಂಜೆ ಭಟ್ಟರ ಫೋನು. ಘಾಟಿನ ಆರತಿಯ ಗಂಟೆಗಳ ನಡುವೆ ಅವರ ದನಿ ಗೆದ್ದು ಬಂದಂತಿತ್ತು. “ಮೇಷ್ಟ್ರೇ, ನಾನು ಹೇಳಲಿಲ್ವಾ? ಎಡಗಡೆ ಪುಟದಲ್ಲೇ ಇದೆ. ಅಕ್ಷರ ಸ್ವಲ್ಪ ಸೊಟ್ಟ, ಇರಲಿ, ಮೂಲ ಮೂಲವೇ. ಆದ್ರೆ ಆ ಮರದ ವಿಷಯ ನೀವು ಮಗೂಗೆ ಹೇಳೇ ಇರಲಿಲ್ವಂತಲ್ಲ? ಇಷ್ಟು ವರ್ಷ ಮಣ್ಣಿನ ಪಾಠ ಮಾಡಿ ಗಿಡಾನೇ ಮರೆತುಬಿಟ್ರಾ?”

ಅವರು ತಮಾಷೆ ಮಾಡುತ್ತಿದ್ದರೋ, ನಿಜವಾಗಿಯೇ ನಂಬಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. “ಹೌದು ಭಟ್ಟರೇ, ನನ್ನದೇ ತಪ್ಪು. ಮರೆತಿದ್ದೆ” ಎಂದು ಕ್ಷಮೆ ಕೇಳಿ ಫೋನಿಟ್ಟೆ.