ಕೊಕ್ಕಿಲ್ಲದ ಗಿಣಿ

ಸಂಕ್ರಾಂತಿಗೆ ಇನ್ನೆರಡೇ ದಿನ. ಬುಧವಾರ ಬೆಳಗ್ಗೆ ಎಂಟು ಗಂಟೆ. ಬಣಕಲ್ ಊರಿನ ಮನೆಗಳ ಹೆಂಚುಗಳಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಎಸ್ಟೇಟುಗಳಲ್ಲಿ ಕಾಫಿ ಕುಯ್ಲಿನ ಭರಾಟೆ. ಸತ್ತರೂ ರಜೆ ಸಿಗದ ಕಾಲ. ಅಂಥದ್ದರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೇಷಪ್ಪ ರಜೆ ಹಾಕಿ, ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು, ಸಕ್ಕರೆ ಅಚ್ಚು ಮಾಡಲು ಒಲೆಯ ಮುಂದೆ ನಿಂತಿದ್ದ.

ಕಾರಣ ಒಂದು ಹಳೇ ಪೆಟ್ಟಿಗೆ. ಅದರೊಳಗೆ ಸೋದರತ್ತೆ ರಂಗಮ್ಮನವರ ಹದಿನೆಂಟು ಜೋಡಿ ಮರದ ಅಚ್ಚುಗಳು: ಆನೆ, ಕುದುರೆ, ತುಳಸಿಕಟ್ಟೆ, ಗಿಣಿ. ರಂಗಮ್ಮ ಮರುದಿನ ಕಳಸಕ್ಕೆ, ಮಗಳ ಮನೆಗೆ, ಕಾಯಮ್ಮಾಗಿ ಹೊರಟಿದ್ದರು. ತಮ್ಮ ಇಬ್ಬರು ಅಣ್ಣಂದಿರ ಮಕ್ಕಳನ್ನು ಕರೆದು, "ಒಬ್ಬೊಬ್ರು ಒಂದೊಂದು ಸಲ ಮಾಡಿ ತೋರ್ಸಿ. ಯಾರ ಕೈಯಲ್ಲಿ ಚಂದ ಆಗ್ತದೋ ಪೆಟ್ಟಿಗೆ ಅವ್ನಿಗೆ. ಹಂಚ್ಕೊಳ್ಳೋ ಹಾಗಿಲ್ಲ, ಜೊತೆ ಒಡೀಬಾರ್ದು" ಎಂದಿದ್ದರು.

ಒಬ್ಬ ಶೇಷಪ್ಪ. ಇನ್ನೊಬ್ಬ ಪಕ್ಕದ ಮನೆಯಲ್ಲೇ ಇರುವ ಅವನ ಚಿಕ್ಕಪ್ಪನ ಮಗ ನಾಗೇಶ. ನಾಗೇಶನ ಸರದಿ ಭಾನುವಾರವೇ ಮುಗಿದಿತ್ತು. ಅವನ ಪಾಕ ಎಳೆಯದಾಗಿ, ಆನೆ ಕುದುರೆಗಳನ್ನು ಚಮಚದಲ್ಲಿ ತಿನ್ನಬೇಕಾಗಿ ಬಂದಿತ್ತು.

ಶೇಷಪ್ಪನಿಗೆ ನಿಜವಾಗಿ ಬೇಕಾಗಿದ್ದುದು ಗಿಣಿ ಒಂದೇ. ಒಂಬತ್ತು ವರ್ಷದವನಿದ್ದಾಗ ಅವನು ಆ ಅಚ್ಚಿನ ಕೊಕ್ಕಿನ ಜಾಗಕ್ಕೆ ಹಲಸಿನ ಮೇಣ ತುರುಕಿದ್ದ. ಅದು ಮತ್ತೆ ಹೊರಗೆ ಬರಲೇ ಇಲ್ಲ. ಅಂದಿನಿಂದ ಪ್ರತಿ ಸಂಕ್ರಾಂತಿಗೂ ಗಿಣಿ ಕೊಕ್ಕಿಲ್ಲದೇ ಹುಟ್ಟುತ್ತಿತ್ತು. ಅತ್ತೆ ಅದನ್ನು ಬೇರೆ ಯಾರಿಗೂ ಕೊಡದೆ, "ತಗೋ, ನಿಂದು" ಎಂದು ಅವನ ಅಂಗೈಗೆ ಇಡುತ್ತಿದ್ದರು. ಅವನ ತಲೆ ನರೆತ ಮೇಲೂ ಇಡುತ್ತಿದ್ದರು.

"ಅಚ್ಚನ್ನ ರಾತ್ರಿಯೇ ನೀರಲ್ಲಿ ನೆನೆಹಾಕೋ" ಎಂದು ಅತ್ತೆ ಹೇಳಿ ಕಳಿಸಿದ್ದರು. ಶೇಷಪ್ಪ ಒಳಗೊಳಗೇ ನಕ್ಕಿದ್ದ. ಮೂವತ್ತು ವರ್ಷ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, "ತೇವ ಇದೆ, ಇನ್ನೊಂದು ಬಿಸಿಲು ಬೇಕು" ಎಂದು ವಾಪಸ್ ಕಳಿಸಿದ ಮನುಷ್ಯ ಅವನು. ತೇವ ಇದ್ದರೆ ಯಾವ ಮಾಲಾದರೂ ಕೆಡುತ್ತದೆ ಎಂಬುದು ಅವನ ಪಾಲಿನ ವೇದ. ಹಾಗಾಗಿ ಅಚ್ಚುಗಳನ್ನು ಎಸ್ಟೇಟಿನ ಕಣಕ್ಕೆ ಒಯ್ದು, ಕಾಫಿಯ ಪಕ್ಕದಲ್ಲೇ ಎರಡು ದಿನ ಒಣಗಿಸಿದ್ದ. ಕೊನೆಗೆ ಆನೆಯ ಅಚ್ಚಿನ ಅಂಚನ್ನು ಕಚ್ಚಿಯೂ ನೋಡಿದ. ಟಕ್ ಎಂದಿತು. ಮಾಲು ಪಾಸ್.

ಪಾಕ ಚೆನ್ನಾಗಿಯೇ ಬಂತು. ಹೊಯ್ದ. ಆರಿತು. ಬಿಡಿಸಲು ಹೋದರೆ, ಒಣಗಿದ ಮರ ಪಾಕವನ್ನು ಹೀರಿಕೊಂಡು, ಸಾಲ ಕೇಳಲು ಬಂದ ನೆಂಟನ ಹಾಗೆ ಅಂಟಿಕೊಂಡು ಕೂತಿತ್ತು. ಚಾಕು ಹಾಕಿ ಎಬ್ಬಿಸಿದ ಮೇಲೆ ರುಂಡವಿಲ್ಲದ ಕುದುರೆ ಬಂತು, ಆಮೇಲೆ ಎರಡು ಕಾಲಿನ ಆನೆ.

ಸರಿಯಾಗಿ ಆಗಲೇ ನಾಗೇಶ ಇಣುಕಿದ. ಅವನ ಬೆನ್ನಿಗೆ, ಸಕ್ಕರೆ ವಾಸನೆ ಹಿಡಿದು ಬಂದ ಎದುರು ಮನೆಯ ಹುಚ್ಚಮ್ಮ.

"ಶೇಷಣ್ಣ, ಇದ್ಯಾವ ಪ್ರಾಣಿ ಮಾರಾಯ?"

"ಆನೆ."

"ಪಾಪ, ಯಾರೋ ಗುಂಡು ಹೊಡ್ದಿದ್ದಾರೆ. ಫಾರೆಸ್ಟಿನವ್ರಿಗೆ ಫೋನ್ ಮಾಡ್ಲಾ?"

"ನಿಂದನ್ನ ನಾಯಿ ಕೂಡ ನೆಕ್ಕಿಯೇ ತಿಂತು. ನೀನು ಸುಮ್ನಿರು" ಎಂದ ಶೇಷಪ್ಪ. "ಇದೆಲ್ಲ ನಂಗೆ ಗೊತ್ತಿರೋದೇ."

ಅಚ್ಚುಗಳನ್ನು ಬಿಸಿನೀರಿಗೆ ಹಾಕಿದ. ಸಕ್ಕರೆ ಕರಗಿ ನೀರಾಯಿತು, ಅಚ್ಚುಗಳು ಉಳಿದವು. ಆ ನೀರನ್ನು ಮತ್ತೆ ಒಲೆಗೇರಿಸಿದ. ಅದು ಮಳೆಗಾಲದ ಹೇಮಾವತಿ ಹೊಳೆಯ ಬಣ್ಣಕ್ಕಿತ್ತು.

"ಹಾಲು ಹಾಕು, ಕೊಳೆ ಬಿಡ್ತದೆ" ಎಂದ ನಾಗೇಶ.

"ಹಾಲ್ಯಾಕೆ? ನಿಂಬೆಹುಳಿ ಹಿಂಡಿ ರೈಟ್ರೇ, ಬೆಳ್ಳಗಾಗ್ತದೆ" ಎಂದಳು ಹುಚ್ಚಮ್ಮ.

ಯಾರನ್ನೂ ನೋಯಿಸಬಾರದೆಂದು ಶೇಷಪ್ಪ ಎರಡನ್ನೂ ಹಾಕಿದ. ಹಾಲು ಒಡೆದು, ಪಾತ್ರೆಯ ತುಂಬ ಗಡ್ಡೆ ಗಡ್ಡೆಯಾಗಿ ತೇಲಿತು.

"ಅಯ್ಯೋ, ನಾನು ಒಂದನ್ನೇ ಹೇಳಿದ್ದು!" ಎಂದು ಹುಚ್ಚಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

ಸೋಸಲು ಕೈಗೆ ಸಿಕ್ಕಿದ್ದು ಕಾಫಿ ಸೋಸುವ ಬಟ್ಟೆ. ಬೆಳಗಿನ ಗಸಿಯೂ ಅದರಲ್ಲೇ ಇತ್ತು. ಪಾಕ ಕಂದು ಬಣ್ಣಕ್ಕೆ ತಿರುಗಿತು. ನಾಗೇಶ ಗೋಡೆ ಹಿಡಿದುಕೊಂಡು ನಗತೊಡಗಿದ. ಶೇಷಪ್ಪ ಮಾತ್ರ ಎದೆಗುಂದುವ ಆಸಾಮಿಯಲ್ಲ. "ಅರ್ಧ ಕಾಫಿ ಯಾಕೆ, ಪೂರ್ತಿಯೇ ಇರ್ಲಿ" ಎಂದು ಉಳಿದ ಡಿಕಾಕ್ಷನ್ನನ್ನೂ ಸುರಿದ. ತುಪ್ಪ ಬಿಟ್ಟ. ಹಬ್ಬಕ್ಕೆಂದು ಹುರಿದಿಟ್ಟಿದ್ದ ಎಳ್ಳು, ಕಡಲೆಕಾಯಿ ಬೀಜ ಉದುರಿಸಿದ. ಕೈ ಸೋಲುವವರೆಗೆ ಮಗುಚಿ, ತಟ್ಟೆಗೆ ಹೊಯ್ದು, ಚಾಕುವಿನಲ್ಲಿ ಗೆರೆ ಎಳೆದ.

ಐದು ಗಂಟೆಗೆ ರಂಗಮ್ಮ ಕೋಲೂರಿಕೊಂಡು ಬಂದರು. ಒಂದು ತುಂಡು ಬಾಯಿಗಿಟ್ಟರು. ಇನ್ನೊಂದು ತೆಗೆದುಕೊಂಡರು. ಮೂರನೆಯದಕ್ಕೆ ಕೈ ಚಾಚಿದಾಗ ನಾಗೇಶನ ನಗು ಆರಿಹೋಯಿತು.

"ಎಂಬತ್ತೆರಡು ವರ್ಷದಲ್ಲಿ ಇಂಥದ್ದು ತಿಂದಿರ್ಲಿಲ್ಲ ಕಣೋ" ಎಂದರು ರಂಗಮ್ಮ. "ನಿಜ ಹೇಳು, ಅಚ್ಚು ಕೆಟ್ಟೋಯ್ತು ಅಂತ ಹಿಂಗೆ ಮಾಡ್ದ್ಯಾ?"

ನಾಗೇಶ ಬಾಯಿ ತೆರೆಯುವ ಮೊದಲೇ ಶೇಷಪ್ಪ ಎದೆ ಸೆಟೆಸಿದ. "ಕೆಡೋದಾ? ನನ್ನ ಕೈಯಲ್ಲಾ? ಬೇಕಂತಲೇ ಮಾಡಿದ್ದು ಅತ್ತೆ. ಅಚ್ಚಿನ ಹಂಗೇ ಬೇಡ ನಂಗೆ" ಎಂದು ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡ.

"ಹೌದಲ್ವಾ!" ರಂಗಮ್ಮನ ಮುಖ ಅರಳಿತು. "ರಾತ್ರಿಯಿಡೀ ಅದನ್ನೇ ಯೋಚಿಸ್ತಿದ್ದೆ, ಯಾರಿಗೆ ಕೊಡೋದು ಅಂತ. ನೀನೇ ದಾರಿ ತೋರಿಸ್ದೆ. ಅಚ್ಚಿಲ್ದೇನೇ ಇಷ್ಟು ಚಂದ ಮಾಡೋನಿಗೆ ಪೆಟ್ಟಿಗೆ ಯಾಕೆ? ನಾಗೇಶಂಗೆ ಅಚ್ಚಿದ್ದೂ ಬರಲ್ಲ. ಅದೂ ಇಲ್ದಿದ್ರೆ ಅವನ ಮನೆ ಹಬ್ಬ ಏನಾಗ್ಬೇಕು? ತಗೋ ನಾಗೇಶ, ಪೆಟ್ಟಿಗೆ ನಿಂಗೆ."

ಶೇಷಪ್ಪನ ಬಾಯಿ ತೆರೆಯಿತು. ಅದರೊಳಗೆ ಒಂದು ತುಂಡು ಇದ್ದುದರಿಂದ ಮಾತು ಹೊರಡಲಿಲ್ಲ. ಅದು ಹಲ್ಲಿಗೆ ಗಟ್ಟಿಯಾಗಿ ಅಂಟಿತ್ತು.

ಮರುದಿನ ಬಸ್ ಸ್ಟಾಪಿನಲ್ಲಿ ಅತ್ತೆಯ ಮಡಿಲಲ್ಲಿ ಕಾಫಿ ಮಿಠಾಯಿಯ ಡಬ್ಬಿ ಇತ್ತು. ನಾಗೇಶ ಶೇಷಪ್ಪನ ಪಕ್ಕಕ್ಕೆ ಸರಿದು ಪಿಸುಗುಟ್ಟಿದ: "ಶೇಷಣ್ಣ, ಆ ಗಿಣಿಯೊಳಗೆ ಯಾವ ಕಾಲದ್ದೋ ಮೇಣ ಕೂತಿತ್ತು ಮಾರಾಯ. ಬೆಳಗ್ಗೆ ಎದ್ದು ಸೂಜಿ ಹಾಕಿ ಕೆದಕಿದೆ, ಪೂರ್ತಿ ಬಂತು. ಇನ್ಮೇಲೆ ಚಂದ ಕೊಕ್ಕು ಬರ್ತದೆ ನೋಡು!"

ರಂಗಮ್ಮ ಹತ್ತೂವರೆಯ ಬಸ್ಸಿಗೆ ಕಳಸಕ್ಕೆ ಹೋದರು. ಅದು ಗುರುವಾರ. ಕೊಕ್ಕಿಲ್ಲದ ಗಿಣಿ ಹೋದದ್ದೂ ಅದೇ ಗುರುವಾರ.