ಕೆಮ್ಮುವ ಕಾರಿಗೆ ಊರೆಲ್ಲ ವೈದ್ಯರು

ಇಂಥವು ನನ್ನ ಪಾಲಿಗೆ ಆಗ್ತಾನೇ ಇರುತ್ತವೆ, ನಿಲ್ಲುವ ಲಕ್ಷಣ ಕಾಣುತ್ತಿಲ್ಲ. ಜರ್ಮನಿಯಲ್ಲಿ ಮ್ಯೂನಿಕ್ ಹತ್ತಿರದ ಒಂದು ಕಂಪನಿಯಲ್ಲಿ ನನ್ನ ಕೆಲಸ ಇಂಜಿನ್ ಮಿಸ್‌ಫೈರ್ ಹುಡುಕುವುದು. ಅಂದರೆ ನಾಲ್ಕು ಸಿಲಿಂಡರ್‌ನಲ್ಲಿ ಒಂದು ಉರಿಯದೆ ಕಾರು ಕೆಮ್ಮಿಕೊಂಡು ಜರ್ಕ್ ಹೊಡೆದರೆ ಯಾಕೆ ಅಂತ ಪತ್ತೆ ಮಾಡುವುದು. ಸಂಬಳ ಕೊಡುವುದೇ ಅದಕ್ಕೆ. ನನ್ನ ಗಂಡ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುವವರು. ಬಾನೆಟ್ ತೆಗೆಯುವ ಲಿವರ್ ಎಲ್ಲಿದೆ ಅಂತ ಇವತ್ತಿಗೂ ಸ್ಟೀರಿಂಗ್ ಕೆಳಗೆ ತಡಕಾಡುತ್ತಾರೆ. ಆದರೂ ನಮ್ಮ ಕನ್ನಡದವರಲ್ಲಿ ಯಾರ ಕಾರು ಕೆಟ್ಟರೂ ಫೋನ್ ಬರುವುದು ಇವರಿಗೆ. ನಾನು ಎತ್ತಿದರೆ, "ಅಕ್ಕಾ, ಸಾರ್ ಇದ್ದಾರಾ?" ಅಂತ ಕೇಳುತ್ತಾರೆ.

ಈ ಸಲದ ರೋಗಿ ನಮ್ಮ ಎದುರು ಬಿಲ್ಡಿಂಗಿನ ಹುಡುಗನ ಸೆಕೆಂಡ್ ಹ್ಯಾಂಡ್ ಕಾರು. ಹುಡುಗ ಬೆಂಗಳೂರಿನವನು, ಸಾಫ್ಟ್‌ವೇರ್. ಹೆಂಡತಿ ಉಡುಪಿಯವಳು, ತುಂಬಿದ ಬಸುರಿ, ಇವತ್ತೋ ನಾಳೆಯೋ ಅನ್ನುವ ಹಾಗಿದ್ದಳು. ಆಸ್ಪತ್ರೆ ಮ್ಯೂನಿಕ್ ಒಳಗೆ, ನಾವಿರುವುದು ಹೊರಗಿನ ಸಣ್ಣ ಊರಲ್ಲಿ. ಎಸ್-ಬಾನ್ ರೈಲನ್ನು ಹಳಿ ರಿಪೇರಿ ಅಂತ ನಿಲ್ಲಿಸಿದ್ದರು. ಗ್ಯಾರೇಜಿಗೆ ಫೋನ್ ಮಾಡಿದರೆ ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಮುಂದಿನ ತಿಂಗಳು ಅಂದರು. ಟ್ಯಾಕ್ಸಿ ಮಾಡ್ಕೋ ಅಂದರೆ ಇವನಿಗೆ ಅವಮಾನ. "ಇಲ್ಲ ಅಕ್ಕಾ, ನಮ್ಮ ಕಾರಲ್ಲೇ ಹೋಗ್ಬೇಕು, ಮಗೂನ ನಮ್ಮ ಕಾರಲ್ಲೇ ಕರ್ಕೊಂಡು ಬರ್ಬೇಕು" ಅಂತ ಹಠ. ಆ ಕಾರೋ, ಸ್ವಲ್ಪ ಏರು ಬಂದರೆ ಸಾಕು, ಒದ್ದಾಡಿ ನಿಲ್ಲುತ್ತಿತ್ತು.

ಆಡಿಯೋ

ಮೊದಲು ಮಾಡಿದ್ದೇನು? ಇಂಜಿನ್ ಸದ್ದನ್ನು ರೆಕಾರ್ಡ್ ಮಾಡಿ ನನ್ನ ಗಂಡನಿಗೆ ಕಳಿಸಿದ. ಇವರು ಸೋಫಾದಲ್ಲಿ ಕೂತು, ಕಣ್ಣು ಮುಚ್ಚಿ, ಸಂಗೀತ ಕಚೇರಿಗೆ ಬಂದವರ ಹಾಗೆ ತಲೆದೂಗುತ್ತಾ ಕೇಳಿದರು.

"ಪೆಟ್ರೋಲ್ ಸರಿ ಇಲ್ಲ" ಅಂದರು.

"ಒಂದು ಸಿಲಿಂಡರ್ ಉರೀತಾ ಇಲ್ಲ" ಅಂದೆ ನಾನು, ಈರುಳ್ಳಿ ಹೆಚ್ಚುತ್ತಾ.

"ನೀನು ಸುಮ್ನಿರು, ಸರಿಯಾಗಿ ಕೇಳಿಸ್ಕೊಳ್ತಾ ಇದೀನಿ" ಅಂದರು. ನನ್ನ ಕೈಯಲ್ಲಿ ಚಾಕು ಇತ್ತು ಅನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ಆಮೇಲೆ ಆ ಆಡಿಯೋವನ್ನು ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿಗೂ ಹಾಕಿದರು. ಒಬ್ಬ ಗೇರ್ ಬಾಕ್ಸ್ ಅಂದ. ಒಬ್ಬ ಸೈಲೆನ್ಸರ್ ಅಂದ. ಯಾವತ್ತೂ ಕಾರೇ ಇಟ್ಟುಕೊಳ್ಳದೆ ಸೈಕಲ್‌ನಲ್ಲಿ ಓಡಾಡುವ ಒಬ್ಬ ಮಹಾನುಭಾವ, ಗಾಡಿಯನ್ನೇ ಮಾರಿಬಿಡು ಗುರು ಅಂದ. ಬಾನ್ ಊರಿನಲ್ಲಿ ಮಗನ ಮನೆಗೆ ಬಂದಿರುವ ಒಬ್ಬ ಹಿರಿಯರು ಗ್ರೂಪಿಗೆ ದಿನಾ ಭಜನೆ ಕಳಿಸುವವರು. ಅವರಿಗೆ ಇದು ಕಾರಿನ ಸದ್ದು ಅಂತಲೇ ತಿಳಿಯಲಿಲ್ಲ. ಯಾರೋ ಹುಡುಗ ಮೃದಂಗ ಕಲಿತು ಕಳಿಸಿದ್ದಾನೆ ಅಂದುಕೊಂಡು ಬರೆದರು: "ಪ್ರಯತ್ನ ಚೆನ್ನಾಗಿದೆ. ಆದರೆ ನಾಲ್ಕು ಪೆಟ್ಟಿನಲ್ಲಿ ಒಂದು ಬೀಳುತ್ತಿಲ್ಲ, ಗುರುಗಳಿಗೆ ತೋರಿಸಿ." ಇಡೀ ಗ್ರೂಪಿನಲ್ಲಿ ರೋಗ ಸರಿಯಾಗಿ ಹೇಳಿದವರು ಅವರೊಬ್ಬರೇ.

ಕೋಡ್ ಓದುವ ಡಬ್ಬಿ

ಬರ್ಲಿನ್‌ನಲ್ಲಿ ಸ್ಟಾರ್ಟಪ್ ಮಾಡುವ ಈ ಹುಡುಗನ ಗೆಳೆಯ ಒಬ್ಬನಿದ್ದಾನೆ. "ಮಗಾ, ಊಹೆ ಎಲ್ಲ ಬಿಡು, ಡೇಟಾ ನೋಡು" ಅಂತ ಹೇಳಿ, ಕಾರಿಗೆ ಚುಚ್ಚಿದರೆ ಫೋನಿನಲ್ಲಿ ತೊಂದರೆಯ ಕೋಡ್ ತೋರಿಸುವ ಸಣ್ಣ ಡಬ್ಬಿ ತರಿಸಲು ಹೇಳಿದ. ಡಬ್ಬಿ ಬಂತು. ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ ಅಂತ ತೋರಿಸಿತು. ಕೆಮ್ಮುತ್ತಿರುವುದು ಯಾರು ಅಂತ ಅದು ಹೇಳುತ್ತದೆಯೇ ಹೊರತು ಯಾಕೆ ಅಂತ ಹೇಳುವುದಿಲ್ಲ. ಅದನ್ನು ಹುಡುಕಬೇಕು, ಅದಕ್ಕೆ ತಲೆ ಬೇಕು.

ನಮ್ಮ ಗಂಡಸರು ಹುಡುಕಲು ಹೊರಟದ್ದು ಮೂರನೆಯದು ಯಾವ ಕಡೆಯಿಂದ ಮೂರನೆಯದು ಅಂತ. ಎಡದಿಂದ ಅಂತ ಹುಡುಗ, ಬಲದಿಂದ ಅಂತ ನನ್ನ ಗಂಡ. ವಿಡಿಯೋ ಕಾಲ್‌ನಲ್ಲಿ ಬರ್ಲಿನ್‌ನವನು ಫೋನನ್ನೇ ತಲೆಕೆಳಗು ಹಿಡಿದು ಮೂರನೇ ಅಭಿಪ್ರಾಯ ಕೊಟ್ಟ. ಜಗಳ ಬೇಡ ಅಂತ ನಾಲ್ಕೂ ಪ್ಲಗ್ ಬದಲಾಯಿಸಿದರು. ಕೈ ಹಾಕಿದ್ದೇ ಹಾಕಿದ್ದು ಅಂತ ಏರ್ ಫಿಲ್ಟರ್ ಬದಲಾಯಿಸಿದರು. ಇಷ್ಟಾದ ಮೇಲೂ ಕಾರು ಕೆಮ್ಮಿತು.

"ಕೋಡ್ ಕ್ಲಿಯರ್ ಮಾಡು ಮಗಾ" ಅಂದ ಬರ್ಲಿನ್‌ನವನು. ಒತ್ತಿದರು. ಡ್ಯಾಶ್‌ಬೋರ್ಡಿನ ಹಳದಿ ದೀಪ ಆರಿಹೋಯಿತು. ಜ್ವರ ನೋಡಿ ಥರ್ಮಾಮೀಟರ್ ಕೊಡವಿ ಇಟ್ಟ ಹಾಗೆ. ಮೂವರಿಗೂ ಏನು ಸಂಭ್ರಮ! ನಮ್ಮನೆಯಲ್ಲಿ ಕಾಫಿ ಆಯಿತು, ನಾನು ಕರಿದ ಬೋಂಡ ಖಾಲಿ ಆಯಿತು.

ಹುಡುಗ ಕಾರು ತಿರುಗಿಸಿಕೊಂಡು ನಮ್ಮ ಬೀದಿ ದಾಟುವಷ್ಟರಲ್ಲಿ ದೀಪ ಮತ್ತೆ ಹತ್ತಿಕೊಂಡಿತಂತೆ. ಮಾರನೇ ದಿನ ನೋಡಿದರೆ ದೀಪ ಕಾಣುತ್ತಿರಲಿಲ್ಲ. ಅದರ ಮೇಲೆ ಸಣ್ಣದೊಂದು ಗಣಪತಿ ಸ್ಟಿಕ್ಕರ್ ಅಂಟಿಸಿದ್ದ.

ನೈವೇದ್ಯ

ಕೊನೆಗೆ ಆ ಬಸುರಿ ಹುಡುಗಿಯೇ ಬಂದಳು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಏದುಸಿರು ಬಿಡುತ್ತಾ.

"ಅಕ್ಕ, ನೀವೇ ಒಮ್ಮೆ ನೋಡಿ. ಇವರದ್ದು ಮುಗಿಯುವ ಲೆಕ್ಕ ಕಾಣುವುದಿಲ್ಲ. ನಂಗೆ ಹೆದರಿಕೆ ಆಗ್ತದೆ. ದಾರಿ ಮಧ್ಯ ನಿಂತರೆ ನಾನೆಂತ ಮಾಡುವುದು?"

ಅಲ್ಲಿಯವರೆಗೂ ನನಗೂ ಒಂದು ಬಿಗುಮಾನ, ಕೇಳದೆ ಯಾಕೆ ಹೋಗಲಿ ಅಂತ. ಅವಳ ಮುಖ ನೋಡಿದ ಮೇಲೆ ಅದನ್ನು ಬದಿಗಿಟ್ಟೆ. ಟಾರ್ಚ್ ತಗೊಂಡು ಇಳಿದೆ.

ಬಾನೆಟ್ ಎತ್ತಿದೆ. ಇಂಜಿನ್ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ, ಒಣಗಿದ ಸೇವಂತಿಗೆ. ಪಕ್ಕದಲ್ಲಿ ಬಾಳೆಹಣ್ಣಿನ ಸಿಪ್ಪೆಯ ಚೂರು, ಕೊಬ್ಬರಿಯ ಚೂರು, ಸುತ್ತ ಸಣ್ಣ ಸಣ್ಣ ಹೆಜ್ಜೆ ಗುರುತು. ಮೂರನೇ ಸಿಲಿಂಡರ್‌ಗೆ ಕರೆಂಟ್ ಕೊಡುವ ಕೇಬಲ್‌ನ ಅಡಿಬದಿಯಲ್ಲಿ ಸಾಲಾಗಿ ಹಲ್ಲಿನ ಗುರುತು. ಮಾರ್ಡರ್! ಬೆಕ್ಕಿಗಿಂತ ಚಿಕ್ಕದು, ಮುಂಗುಸಿಯ ಹಾಗಿರುವ ಪ್ರಾಣಿ. ರಾತ್ರಿ ಕಾರಿನೊಳಗೆ ನುಗ್ಗಿ ರಬ್ಬರ್ ಕಡಿಯುತ್ತದೆ. ಈ ದೇಶದಲ್ಲಿ ಕಾರಿಟ್ಟವರಿಗೆಲ್ಲ ಗೊತ್ತಿರುವ ಪೀಡೆ ಅದು, ನಮ್ಮ ಪಂಡಿತರಿಗೆ ಬಿಟ್ಟು.

"ಈ ಬಾಳೆಹಣ್ಣು ಇಲ್ಲಿ ಯಾಕಪ್ಪ ಬಂತು?" ಅಂತ ಹುಡುಗನನ್ನು ಕೇಳಿದೆ.

ಅವನು ಕೆನ್ನೆ ಕೆರೆದುಕೊಂಡ. "ಆಯುಧಪೂಜೆ ದಿನ ನೈವೇದ್ಯಕ್ಕೆ ಇಟ್ಟಿದ್ದೆ ಅಕ್ಕಾ. ಬೆಳಿಗ್ಗೆ ನೋಡಿದ್ರೆ ಇರ್ಲಿಲ್ಲ. ಅದಕ್ಕೇ ಆಮೇಲೆ ಪ್ರತಿ ಶುಕ್ರವಾರ ಇಡ್ತಾ ಬಂದೆ. ಒಂದು ವಾರಾನೂ ತಪ್ಪದೆ ಸ್ವೀಕಾರ ಆಗಿದೆ."

"ಕಾರು ಕೆಮ್ಮೋಕೆ ಶುರು ಮಾಡಿದ್ದು ಯಾವಾಗ?"

"ಆಯುಧಪೂಜೆ ಆದ್ಮೇಲೇ. ಅದಕ್ಕೇ ಇನ್ನೂ ಭಕ್ತಿಯಿಂದ ಇಟ್ಟೆ."

ಹೆಂಡತಿ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು. "ಮನೆಯಲ್ಲಿ ಬಾಳೆಹಣ್ಣು ಎಲ್ಲಿ ಅಂತ ನಾನು ಕೇಳಿದರೆ, ಬಸುರಿಯರು ಜಾಸ್ತಿ ತಿನ್ನಬಾರದು ಅಂತ ಹೇಳ್ತಿದ್ರಲ್ಲ" ಅಂದಳು.

ನಾನು ಹೊಸ ಕೇಬಲ್ ತರಿಸಿ ಹಾಕಿದೆ, ಕಡಿಯದ ಹಾಗೆ ಮೇಲೊಂದು ಗಟ್ಟಿ ಕವಚ ಸುತ್ತಿದೆ. ಕಾರು ಮೆತ್ತಗೆ ಗುನುಗಲು ಶುರು ಮಾಡಿತು. ಆವತ್ತೇ ಗ್ರೂಪಿನಲ್ಲಿ ಹುಡುಗನ ಮೆಸೇಜ್: "ಸಾರ್ ಅವರ ಮಾರ್ಗದರ್ಶನದಲ್ಲಿ ಕಾರು ಸರಿಹೋಗಿದೆ, ಧನ್ಯವಾದಗಳು." ನನ್ನ ಗಂಡ ಕೈಮುಗಿಯುವ ಚಿತ್ರ ಹಾಕಿ, "ನನ್ನದೇನಿಲ್ಲ" ಅಂತ ಬರೆದರು. ಅಷ್ಟು ಸತ್ಯವನ್ನು ಅವರು ಅದಕ್ಕೂ ಮುಂಚೆ ಆ ಗ್ರೂಪಿನಲ್ಲಿ ಬರೆದಿರಲಿಲ್ಲ.

ಸದ್ದಿಲ್ಲದ ಕಾರು

ಭಾನುವಾರ ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಜೊತೆಗೆ ಬನ್ನಿ ಅಕ್ಕ ಅಂತ ಫೋನ್ ಮಾಡಿದಳು. ನಾನು ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತೆ, ಅವನು ಡ್ರೈವಿಂಗಿಗೆ. ಕಾರು ಬೆಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತಿತ್ತು. ಹುಡುಗಿ ಪ್ರತಿ ನೋವಿಗೂ ನನ್ನ ಮಣಿಕಟ್ಟು ಹಿಂಡುತ್ತಿದ್ದಳು. ಇವನು ಮಾತ್ರ ಕಿವಿ ನಿಮಿರಿಸಿಕೊಂಡು, ಎಕ್ಸಲರೇಟರ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು.

"ಅಕ್ಕಾ, ಏನೋ ಎಡವಟ್ಟಾಗಿದೆ."

"ಏನಾಯ್ತು?"

"ಸದ್ದೇ ಇಲ್ಲ."

ಅಂದವನೇ ಆಟೋಬಾನ್ ಹೆದ್ದಾರಿ ಪಕ್ಕದ ಪಾರ್ಕಿಂಗಿಗೆ ನುಗ್ಗಿಸಿ ನಿಲ್ಲಿಸಿಬಿಟ್ಟ. ಇಂಜಿನ್ ಓಡುತ್ತಿರುವಾಗಲೇ ಇಳಿದು ಬಾನೆಟ್ ಎತ್ತಿದ. ಹಿಂದೆ ಹೆಂಡತಿ ಹಲ್ಲು ಕಚ್ಚಿಕೊಂಡಿದ್ದಾಳೆ, ಮುಂದೆ ಈ ಪುಣ್ಯಾತ್ಮ ಫೋನ್ ಹಿಡಿದು ಇಲ್ಲದ ಸದ್ದನ್ನು ರೆಕಾರ್ಡ್ ಮಾಡುತ್ತಿದ್ದಾನೆ. ನನ್ನ ಮೈಯೆಲ್ಲ ಉರಿದುಹೋಯಿತು.

ಹುಡುಗಿ ತಣ್ಣಗೆ ಹೇಳಿದಳು: "ಅಕ್ಕ, ನೀವೇ ಕಾರು ಬಿಡಿ."

ಇಳಿದು ಅವನ ಹತ್ತಿರ ಹೋದೆ. "ಸಾರ್‌ಗೆ ಒಂದು ಮಾತು ಕೇಳೋದು ಒಳ್ಳೇದು. ಇಲ್ಲಿ ಲಾರಿ ಸದ್ದು, ಆ ಮರದ ಕಡೆ ಹೋಗಿ ಫೋನ್ ಮಾಡು" ಅಂದೆ. ಹೌದಲ್ವಾ ಅಂತ ಹೋದ. ನಾನು ಬಾನೆಟ್ ಮುಚ್ಚಿ, ಸ್ಟೀರಿಂಗ್ ಮುಂದೆ ಕೂತು, ಗಾಡಿ ಎತ್ತಿದೆ. ಕನ್ನಡಿಯಲ್ಲಿ ನೋಡಿದರೆ ಅವನು ಇನ್ನೂ ಮರದ ಕೆಳಗೆ, ನನ್ನ ಗಂಡ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾ ನಿಂತಿದ್ದ.

ಆಸ್ಪತ್ರೆ ಸೇರಿದೆವು. ಹೆರಿಗೆ ಕೋಣೆಯಲ್ಲಿ ಒಬ್ಬ ಹೆಬಾಮೆ, ಅಂದರೆ ಸೂಲಗಿತ್ತಿ, ಎತ್ತರದ ಜರ್ಮನ್ ಹೆಂಗಸು, ಹುಡುಗಿಯನ್ನು ಮಗುವಿನ ಹಾಗೆ ನೋಡಿಕೊಂಡಳು. ಇನ್ನು ಸ್ವಲ್ಪವೇ ಹೊತ್ತು ಅನ್ನುವಾಗ ಬಾಗಿಲು ದಬ್ಬಿಕೊಂಡು ಅವಳ ಗಂಡ ಬಂದ. ಯಾರೋ ವಯಸ್ಸಾದ ದಂಪತಿ ಪಾಪ ಅಂತ ತಮ್ಮ ಕಾರಿನಲ್ಲಿ ತಂದು ಬಿಟ್ಟಿದ್ದರಂತೆ. ಹೆಂಡತಿ ಮಂಚದ ಕಂಬಿ ಹಿಡಿದು ಬೆವರಿನಲ್ಲಿ ತೊಯ್ದುಹೋಗಿದ್ದಾಳೆ. ಇವನು ಅವಳ ಹತ್ತಿರ ಬಗ್ಗಿ ಕೇಳಿದ್ದು ಇಷ್ಟು:

"ದಾರೀಲಿ ಜರ್ಕ್ ಹೊಡೀತಾ?"

ಅವಳು ಆ ನೋವು ಇಳಿಯುವ ತನಕ ಕಾದಳು. ಉಸಿರು ತಗೊಂಡಳು. ಆಮೇಲೆ ಸೂಲಗಿತ್ತಿಯ ಕಡೆ ತಿರುಗಿ, ಕ್ಲಾಸಿನಲ್ಲಿ ಕಲಿತ ಶುದ್ಧ ಜರ್ಮನ್‌ನಲ್ಲಿ ಹೇಳಿದಳು:

"ಇವರು ಕಾರು ನೋಡಲು ಬಂದವರು."

ಜರ್ಮನ್ ಜನ, ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಾರೆ. ಆಕೆ ಬಹಳ ಮರ್ಯಾದೆಯಿಂದ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಪಾರ್ಕಿಂಗ್ ನೆಲಮಾಳಿಗೆಯಲ್ಲಿದೆ, ಲಿಫ್ಟ್ ಬಲಗಡೆ ಅಂತ ತೋರಿಸಿ, ಬಾಗಿಲು ಹಾಕಿಕೊಂಡು ಬಂದಳು.