ಡಾಕ್ಟರರ ಫಟಫಟಿ, ನನ್ನ ಹಾರ್ನು

ಕೆಟ್ಟ ಗಾಡಿಗೋಳು ಹ್ಯಾಂಗೋ ನನ್ನ ವಾಸನಿ ಹಿಡಕೊಂಡು ಬರತಿದ್ವು; ನಾನೇನು ಅವನ್ನ ಹುಡುಕ್ಕೊಂಡು ಹೋದವನಲ್ಲ. ಸಾಲಿ ಕಟ್ಟಿ ಹತ್ತಿದವನೂ ಅಲ್ಲ. ನಾ ಹೇಳತೀನಿ, ಮೊಮ್ಮಗಳು ಬರಕೋತಾಳ. ಆದ್ರ ಆ ದೊಡ್ಡ ಲಡಾಯಿ ಕಾಲದಾಗ, ಜೋರಾಪುರ ಪೇಟೆಯೊಳಗ ನಟ್ಟು ತಿರುವೂ ನನ್ನ ಪಾನಾ ಸಪ್ಪಳ ಕೇಳಿದ್ರ ಸಾಕು, ಸತ್ತ ಇಂಜನ್ನು ಅಂಜಿ ತಾನಾ ಚಾಲೂ ಆಗತಿತ್ತು. ಸುಳ್ಳಲ್ಲ. ಸುಳ್ಳು ಹೇಳಾಕ ನನಗ ಪುರಸೊತ್ತರ ಎಲ್ಲಿತ್ತು?

ಮೀಸಿ ಇರೂ ಹಾರ್ನು

ನಮ್ಮ ಪೇಟೆಯ ಡಾಕ್ಟರರ ಹತ್ರ ಒಂದು ಹಳೇ ವಿಲಾಯತಿ ಫಟಫಟಿ ಮೋಟಾರ್ ಸೈಕಲ್ಲು ಇತ್ತು. ವಾರಕ್ಕೊಮ್ಮೆ ತಿಕೋಟಾ ದಾಟಿ ಬಿಜ್ಜರಗಿಗೆ, ಇನ್ನೊಂದಿನ ಬಬಲೇಶ್ವರದ ಕಡೆ ಸಾರವಾಡಕ್ಕ ಹೋಗಿ ಔಷಧ ಕೊಡತಿದ್ರು. ಊರ ಅಗಸಿ ಬಾಗಲ ಮುಂದ ಹಾರ್ನ್ ಹೊಡದ್ರ ಹೊಲದಾಗಿದ್ದವರೂ ಓಡಿ ಬರತಿದ್ರು.

ಒಂದಿನ ಹಾರ್ನಿನ ಬಾಯಿ ಬಂದಾತು. ಇಂಜನ್ನು ಓಡತೈತಿ, ಬ್ಯಾಟರಿ ಚಾರ್ಜ್ ಆಗವಲ್ದು. ಮುಂದಿನ ದೀಪದ ಮ್ಯಾಲಿನ ಕರೆಂಟ್ ಮೀಟರಿನ ಮುಳ್ಳು ಬಲಕ್ಕ ಹೋಗಬೇಕು. ಅದು ಎಡಕ್ಕ ಬಿದ್ದು ಮಲಗೇತಿ. ಡಾಕ್ಟರರು ಎರಡು ವಾರ ಬಿಜ್ಜರಗಿ ಅಗಸ್ಯಾಗ ನೊಣ ಹೊಡದು ತಿರುಗಿ ಬಂದ್ರು.

"ಮಿಸ್ತ್ರಿ, ಜನಾನ ಬರದಿದ್ರ ಅಷ್ಟು ದೂರ ಹೋಗಿ ಏನ್ ಮಾಡ್ಲಿ? ಬಿಜ್ಜರಗಿ ಬಿಟ್ಟಬಿಡತೇನಿ," ಅಂದ್ರು.

"ನಾ ಇದ್ದೂ ಊರು ಬಿಡೂದೇನ್ರಿ ಸಾಹೇಬ್ರ? ಮುಳ್ಳು ಬಲಕ್ಕ ಬರೂತನಕ ನಾನಾ ಹಾರ್ನು. ನಡ್ರಿ," ಅಂದೆ.

ಹಿಂದಿನ ಸೀಟಿನ್ಯಾಗ ಕುಂತು ಹೋದೆ. ಅಗಸಿ ಮುಂದ ನಿಂತು, ಹೊಟ್ಟಿ ತುಂಬ ಉಸಿರು ತುಂಬಿ, "ಪ್ವಾಂ... ಪ್ವಾಂ..." ಅಂತ ಒದರಿದೆ ನೋಡ್ರಿ! ಅರ್ಧ ಹರದಾರಿ ಆಚೆ ಮೇಯೂ ಕುರಿ ಹಿಂಡು ದಾರಿ ಬಿಟ್ಟು ನಿಂತಿತು. ಎಲ್ಲಾರಕಿಂತ ಮೊದಲ ಬಂದಾಕಿ ಕಣ್ಣು ಮಂಜಾಗಿ ಔಷಧಕ್ಕ ಬರೂ ಒಬ್ಬಾಕಿ ಆಯಿ. ನನ್ನ ಮಾರಿ ಹತ್ರ ಮಾರಿ ತಂದು ನೋಡಿ, ಹಿಂದಿನವರಿಗೆ ಕೂಗಿ ಹೇಳಿದಳು:

"ಡಾಕ್ಟರರು ಹೊಸಾ ಹಾರ್ನ್ ತಂದಾರ ಬರ್ರೇ! ಮೀಸಿ ಐತಿ ಇದಕ್ಕ!"

ಬರೇ ನೀರು ಕೊಡಬಾರ್ದು

ಮುಂದಿನ ವಾರ ಬಿಜ್ಜರಗ್ಯಾಗನ ಬ್ಯಾಟರಿ ಬಿಚ್ಚಿದೆ. ಒಳಗ ಒಣಗಿ ಬೇಸಿಗಿ ಹಳ್ಳ ಆಗಿತ್ತು. ಮಳಿ ನೀರು ಸೋಸಿ ಹಾಕಿದ್ರ ನಡೀತೈತಿ ಅಂತ ಅದಾ ಆಯಿಗೆ ಕೇಳಿದೆ: "ಆಯಿ, ಗಾಡಿಗೆ ಒಂದು ತಂಬಿಗಿ ಸೋಸಿದ ಮಳಿ ನೀರು ಬೇಕಬೇ."

ನಾ ಡೈನಮೋದಾಗ ತಲಿ ಹಾಕ್ಕೊಂಡು ಕುಂತಾಗ ಆಕಿ ತಂದಳು. "ಎಲ್ಲಿ ಹಾಕಲೋ ಯಪ್ಪಾ?"

"ಆ ಮೂರು ತೂತಿನ್ಯಾಗ." ನಾ ತಲಿ ಎತ್ತಲಿಲ್ಲ.

ಎರಡು ದಿನಕ್ಕ ಪೇಟೆಯ ಇರುವಿ ಎಲ್ಲಾ ಸಾಲು ಹಿಡದು ಡಾಕ್ಟರರ ಮನಿ ಕಡೆ ಹೊಂಟ್ವು. ಬ್ಯಾಟರಿ ಒಳಗ ಹೋಗಿ ಬಂದ ಒಂದು ಇರುವಿ ನನಗ ಕಡೀತು. ಮೊಣಕೈ ತನಕ ಕರೆಂಟ್ ಹೊಡೀತು! ಮತ್ತ ಬಿಜ್ಜರಗಿಗೆ ಹೋದಾಗ ಕೇಳಿದೆ, "ಆಯಿ, ಏನ್ ಹಾಕಿದ್ದಿ ಅವತ್ತ?"

"ಬೆಲ್ಲ ಕದಡಿದ್ದೆ. ಪಾಪ, ಬಿಸಲಾಗ ಅಷ್ಟು ದೂರದಿಂದ ಬಂದೈತಿ. ಬಾಗಲಿಗೆ ಬಂದವರಿಗೆ ಬರೇ ನೀರು ಕೊಡೂ ಮನಿ ಅಲ್ಲೋ ನಮ್ಮದು!"

ಡಾಕ್ಟರರು ಬ್ಯಾಟರಿ ಮ್ಯಾಲಿನ ಇರುವಿ ನೋಡಿದ್ರು, ನನ್ನ ನೋಡಿದ್ರು. "ಮಿಸ್ತ್ರಿ, ಇದು ನಿನ್ನ ಕೆಲಸ ಅಲ್ಲ, ನನ್ನದು. ಗಾಡಿಗೆ ಸಕ್ಕರಿ ಬ್ಯಾನಿ ಹತ್ತೇತಿ."

ಸಾರವಾಡದ ಬಿಸಲು

ಬ್ಯಾಟರಿ ತೊಳದು ಹೊಸಾ ಆಸಿಡ್ ಹಾಕಿದೆ. ಮುಳ್ಳು ಮತ್ತ ಎಡಕ್ಕನ. ಡೈನಮೋ ಬಿಚ್ಚಿದ್ರ ಒಳಗಿನ ಕರೆಂಟ್ ಹೊರಗ ತರೂ ಕಾರ್ಬನ್ ತುಂಡು ಸವದು ಉಗುರಿನಷ್ಟು ಉಳದಿತ್ತು. ಲಡಾಯಿ ದಿನ, ಸೊಲ್ಲಾಪುರಕ್ಕ ಹೋದ್ರೂ ಹೊಸಾದು ಸಿಗವಲ್ದು.

ಸಾರವಾಡದಾಗ ಒಬ್ಬ ಕಾಕಾನ ಮಾಳಿಗಿ ಮ್ಯಾಲೆ ಕೆಂಪ ಮೆಣಸಿನಕಾಯಿ ಜೋಡಿ ಬ್ಯಾಟರಿ ದೀಪದ ಸತ್ತ ಸೆಲ್ಲು ಒಣಾಕ ಇಟ್ಟಿದ್ರು. ಬಿಸಲಿಗೆ ಅವಕ್ಕ ಜೀವ ಬರತೈತಿ ಅಂತ ಕಾಕಾನ ನಂಬಿಗಿ. ಕಾಡಿಬೇಡಿ ಒಂದು ಇಸಗೊಂಡು, ಒಡದು, ನಡುವಿನ ಕರೀ ಕಡ್ಡಿ ಕಲ್ಲಿಗೆ ತಿಕ್ಕಿ ಕಾರ್ಬನ್ ಮಾಡಿದೆ. ವಿಲಾಯತಿಯವರು ನೋಡಿದ್ರ ಪಾನಾ ಕೆಳಗಿಟ್ಟು ನನ್ನ ಕಾಲ ಮುಟ್ಟತಿದ್ರು. ಕಿಕ್ ಹೊಡದೆ. ಮೆಣಸಿನಕಾಯಿ ಘಾಟಿಗೆ ಡೈನಮೋ ಎರಡು ಸರ್ತಿ ಸೀನಿತು, ಆಮ್ಯಾಲೆ ಮುಳ್ಳು ಬಲಕ್ಕ ಎಂಥಾ ಜಿಗತ ಜಿಗೀತು ಅಂದ್ರ, ಗಾಜು ಒಡೀಬಾರ್ದಂತ ನಾ ಬೆರಳು ಒತ್ತಿ ಹಿಡದೆ!

ಹಾರ್ನ್ ಕೇಳಿ ಕಾಕಾ ಕೆಳಗಿಳದು ಬಂದ. "ಡಾಕ್ಟರ್ರ, ಗಾಡಿ ನಿಮ್ಮದು ಖರೆ. ಒಳಗಿನ ಬಿಸಲು ನಮ್ಮ ಮಾಳಿಗೀದು. ವಾರಾ ಮೊದಲನೇ ಹಾರ್ನ್ ನಮ್ಮ ಬಾಗಲಿಗೆ."

ಡಾಕ್ಟರರು ವಾರಾ ಅಲ್ಲೇ ಹಾರ್ನ್ ಹೊಡದ್ರು ಪಾಪ. ಆ ಮನ್ಯಾಗ ಯಾರಿಗೂ ನೆಗಡಿ ಸುದ್ದಾ ಇರಲಿಲ್ಲ.

ಖರೇ ಹಾರ್ನು

ಇನ್ನ ಬಿಜ್ಜರಗಿ. ಅವತ್ತ ನಾ ಜರೀ ರುಮಾಲು ಸುತ್ತಿಕೊಂಡು ಹೋದೆ. ಅಗಸಿ ಮುಂದ ಗಾಡಿ ನಿಲ್ಲಿಸಿ, "ಒತ್ತರಿ ಸಾಹೇಬ್ರ," ಅಂದೆ. ಒತ್ತಿದ್ರು. ಏನ್ ದನಿ ಅಂತೀರಿ! ಆದ್ರ ಒಬ್ಬರೂ ಬರಲಿಲ್ಲ. ಮತ್ತ ಒತ್ತಿದ್ರು. ಒಂದು ನಾಯಿ ಎದ್ದು ನೋಡಿ, ಹೊಳ್ಳಿ ಮಲಕೊಂಡಿತು.

ಡಾಕ್ಟರರ ಮಾರಿ ಸಣ್ಣದಾತು. "ನಿನ್ನ ಕೆಲಸ ನೀ ಮಾಡಿದಿ ಮಿಸ್ತ್ರಿ. ಊರಿಗೇ ನಾ ಬ್ಯಾಡಾಗೇನಿ. ಹತ್ತು, ಹೋಗೂಣು. ಇನ್ನ ಈ ಕಡೆ ಬರೂದಿಲ್ಲ."

ನಾ ಗಾಡಿ ಹತ್ತಲಿಲ್ಲ. ಓಡಿ ಹೋಗಿ ಆಯಿ ಮನಿ ಬಾಗಲಾ ಬಡದೆ. ಒಳಗಿಂದ ಚಿಲಕ! "ಆಯಿ, ಹಾರ್ನ್ ಕೇಳಲಿಲ್ಲೇನಬೇ?"

"ಸಾವಕಾಶ ಮಾತಾಡೋ!" ಬಾಗಲಾ ಸಂದ್ಯಾಗಿಂದ ಆಯಿ ಪಿಸುಗುಟ್ಟಿದಳು. "ಲಡಾಯಿ ಲೇವಿ ಅಂತ ಮನಿಮನಿ ಜ್ವಾಳಾ ಎತ್ತಾಕ ಸರಕಾರದವರು ಬಂದಾರ. ಎಲ್ಲಾರೂ ಬಾಗಲಾ ಹಾಕ್ಕೊಂಡೇವಿ. ಈಗ ಒದರಿದ್ದು ಅವರ ಗಾಡೀನ; ನಮ್ಮ ಡಾಕ್ಟರರ ಗಾಡಿ ಹಂಗ ಒದರೂದಿಲ್ಲ."

ಏನ್ ಮಾಡೂದ್ರಿ? ತಿರುಗಿ ಬಂದೆ, ರುಮಾಲು ಬಿಚ್ಚಿ ಡಾಕ್ಟರರ ಕೈಯಾಗ ಕೊಟ್ಟೆ, ಅಗಸಿ ಕಟ್ಟಿ ಹತ್ತಿ ನಿಂತು, "ಪ್ವಾಂ... ಪ್ವಾಂ..." ಅಂದೆ.

ಧಡಾಧಡಾ ಚಿಲಕ ತೆಗದ್ವು. ಊರಿಗೆ ಊರ ಬಂತು.

ಡಾಕ್ಟರರು ಔಷಧದ ಪೆಟ್ಟಿಗಿ ತೆರಕೋತ, ನಗೂ ತಡಕೊಂಡು ಅಂದ್ರು: "ಗಾಡಿ ದುರಸ್ತ್ ಆತು ಮಿಸ್ತ್ರಿ. ಇನ್ನ ನೀ ಕೆಡಬ್ಯಾಡ."

ಅಷ್ಟರಾಗ ಆಯಿ ಮಂದಿ ಸರಿಸಿ ಬಂದು ನನ್ನ ಕೈಯಾಗ ಒಂದು ತಂಬಿಗಿ ಇಟ್ಟಳು. ಬೆಲ್ಲದ ನೀರು.

"ಕುಡಿಯೋ ಯಪ್ಪಾ. ಅವತ್ತ ಗಾಡಿಗೆ ಹಾಕಿ ತಪ್ಪ ಮಾಡಿದೆ. ಹಾರ್ನಿಗೆ ಹಾಕಬೇಕಾಗಿತ್ತು."